ಬಬನನಿಗೆ ಬಂದ ಅರಿಶಿನ-ಕುಂಕುಮದ ಕರೆ

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಎಸ್ಪಿ ಬಂಗಲೆಯಿಂದ ಕರೆ ಬಂದದ್ದು ಮಂದಾಕಿನಿಗಲ್ಲ, ಅವಳ ಗಂಡನಿಗೆ.

ಬಬನ ಜಗದಾಳೆ ಎಸ್.ಟಿ. ಬಸ್ಸಿನ ಚಾಲಕ. ಬಂಗಲೆಯ ಜವಾನ ಆ ಗುಲಾಬಿ ಪತ್ರಿಕೆಯನ್ನು ಮನೆಗೆ ತರದೆ ನೇರ ಡಿಪೋಕ್ಕೇ ಒಯ್ದು ಕೊಟ್ಟಿದ್ದ. ಕ್ಯಾಂಟೀನಿನಲ್ಲಿ ಕಂಡಕ್ಟರನೊಬ್ಬ ಅದನ್ನು ಕಸಿದುಕೊಂಡು ಎಲ್ಲರಿಗೂ ಕೇಳುವಂತೆ ಓದಿ, ಬಬನರಾವ್ ಸೀರೆ ಯಾವುದು ಉಡುತ್ತಾರೆ ಎಂದು ವಿಚಾರಿಸಿದ್ದ. ಸಂಕ್ರಾಂತಿಗೆ ಕಪ್ಪು ಸೀರೆಯನ್ನೇ ಉಡಬೇಕು, ಅಷ್ಟೂ ತಿಳಿಯದವನು ನೀನು ಎಂದು ಬಬನ ಅವನಿಗೇ ತಿರುಗಿಸಿ ಹೇಳಿ, ಎರಡು ವಡಾಪಾವ್ ತಿಂದು ಬಂದಿದ್ದ. ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ಹೇಳುವಾಗ ಅವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ನಾಲ್ಕನೇ ಇಯತ್ತೆ ಓದುವ ಮಗಳು ಓವಿಯೂ ಅಪ್ಪನ ಜೊತೆ ಸೇರಿ ನಗುತ್ತಿದ್ದಳು.

ಮಂದಾಕಿನಿ ನಗಲಿಲ್ಲ. ಎಳ್ಳು ಹುರಿಯುತ್ತಿದ್ದ ಅವಳ ಕೈ ಹಾಗೇ ನಿಂತು, ಬಾಣಲೆಯಲ್ಲಿ ಎಳ್ಳು ಸಿಡಿದು ಕಪ್ಪಾಗತೊಡಗಿತು.

“ನೀವು ಹೋಗಬ್ಯಾಡ್ರಿ,” ಎಂದಳು.

“ಯಾಕ? ಎಸ್ಪಿ ಬಂಗಲೇಕ್ಕ ನನ್ನ ಮತ್ತ ಯಾರು ಕರೀತಾರ? ಕಳ್ಳತನ ಮಾಡಿದ್ರೂ ಅಲ್ಲಿತನಕ ಒಯ್ಯೂದಿಲ್ಲ.”

“ಅವತ್ತ ನಿಮಗ ಡ್ಯೂಟಿ ಅದ ಅಲ್ಲೇನು?”

“ಬದಲಾಯಿಸಿಕೊಂಡೆ,” ಎಂದ ಬಬನ. ಮಂದಾಕಿನಿ ಬಾಣಲೆಯನ್ನು ಇಳಿಸಿ, ಗ್ಯಾಸಿನ ಕಿವಿಯನ್ನು ಒಮ್ಮೆ ತಿರುಗಿಸಿ, ತಿರುಗಿತೋ ಇಲ್ಲವೋ ಎಂದು ಮತ್ತೊಮ್ಮೆ ಮುಟ್ಟಿ ನೋಡಿದಳು. ಅದು ಅವಳ ಅಭ್ಯಾಸ. ಯಾವ ಮನೆಗೆ ಹೋದರೂ ಹಿಂಬಾಗಿಲು ಎಲ್ಲಿದೆ ಎಂದು ಮೊದಲು ನೋಡುವವಳು ಅವಳು.

ಬಂಗಲೆಯ ಅರಿಶಿನ-ಕುಂಕುಮ ಆ ಜಿಲ್ಲೆಯ ಪೊಲೀಸರಲ್ಲಿ ಹಳೆಯ ರೂಢಿ. ಎಸ್ಪಿ ಸಾಹೇಬರ ಹೆಂಡತಿ ಅಧಿಕಾರಿಗಳ ಹೆಂಡಂದಿರನ್ನೆಲ್ಲ ಕರೆದು, ಎಳ್ಳುಬೆಲ್ಲ ಕೊಟ್ಟು, ಜೊತೆಗೊಂದು ವಾಣ ಕೊಟ್ಟು ಕಳಿಸಬೇಕು. ವಾಣವೆಂದರೆ ಮನೆಗೆ ಉಪಯೋಗವಾಗುವಂಥ ಸಣ್ಣ ಸಾಮಾನು. ಒಂದು ವರ್ಷ ಸ್ಟೀಲಿನ ಡಬ್ಬಿ, ಇನ್ನೊಂದು ವರ್ಷ ಚಹಾ ಸೋಸುವ ಜಾಳಿಗೆ. ಮಂದಾಕಿನಿ ಪ್ರತಿ ವರ್ಷವೂ ಆ ಸಮಾರಂಭಕ್ಕೆ ಹೋಗುತ್ತಿದ್ದಳು, ಆದರೆ ಗೇಟಿನ ಹೊರಗೆ ನಿಲ್ಲಲು. ಅವಳು ಸಹಾಯಕ ಇನ್‌ಸ್ಪೆಕ್ಟರ್, ಹೆಂಗಸರ ದೂರು ನೋಡುವ ಮಹಿಳಾ ಕಕ್ಷದ ಮುಖ್ಯಸ್ಥೆ. ಹೆಂಗಸರು ಸೇರುವಲ್ಲಿ ಬಂದೋಬಸ್ತಿಗೂ ಹೆಂಗಸರೇ ಇರಲಿ ಎಂದು ಯಾರೋ ಎಂದೋ ಹೇಳಿದ್ದು ಹಾಗೇ ನಡೆದು ಬಂದಿತ್ತು. ಅವಳು ಅಧಿಕಾರಿಯೇ, ಆದರೆ ಅಧಿಕಾರಿಯ ಹೆಂಡತಿಯಲ್ಲ. ಒಳಗೆ ಕರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಅಡುಗೆಯವಳು ಗೇಟಿನ ಸಂದಿಯಿಂದ ಕಾಗದದಲ್ಲಿ ಸುತ್ತಿ ಕೊಟ್ಟ ಎಳ್ಳುಂಡೆಯನ್ನು ಮಂದಾಕಿನಿ ನಿಂತಲ್ಲೇ ತಿಂದು, ಕಾಗದ ಮಡಿಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದಳು. ಇದರಲ್ಲಿ ಬೇಸರಪಡುವಂಥದ್ದೇನಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಪ್ರತಿ ವರ್ಷವೂ.

ಈ ಸಲ ಎಸ್ಪಿಯಾಗಿ ಬಂದವರೇ ಹೆಂಗಸು, ರೇವತಿ ಇಂಗಳೆ. ಆ ಜಿಲ್ಲೆಯಲ್ಲಿ ಆ ಕುರ್ಚಿಯ ಮೇಲೆ ಹೆಂಗಸು ಕೂತದ್ದು ಇದೇ ಮೊದಲು. ತಿಂಗಳಿಗೊಮ್ಮೆ ಅಪರಾಧಗಳ ಲೆಕ್ಕ ನೋಡುವ ಗುನ್ಹೆ ಸಭೆಯಲ್ಲಿ ಮಹಿಳಾ ಕಕ್ಷದ ಸರದಿ ಯಾವಾಗಲೂ ಕಟ್ಟಕಡೆಗೆ ಬರುತ್ತಿತ್ತು. ಅಷ್ಟರಲ್ಲಿ ಉಳಿದವರ ಕಣ್ಣು ಬಾಗಿಲಾಚೆಯ ಚಹಾದ ಕಿಟಲಿಯ ಮೇಲಿರುತ್ತಿತ್ತು. ಹೊಸ ಎಸ್ಪಿ ಬಂದ ಮೊದಲ ಸಭೆಯಲ್ಲೇ ಮಂದಾಕಿನಿಯಿಂದ ಶುರುಮಾಡಿಸಿದರು. ಗಂಡ ಹೊಡೆಯುತ್ತಾನೆಂದು ದೂರು ಕೊಡಲು ಬಂದವಳ ಮಾತಿನ ಎಳೆ ಹಿಡಿದು ಮಂದಾಕಿನಿ ಟ್ರ್ಯಾಕ್ಟರ್ ಕಳ್ಳರ ಗುಂಪನ್ನೇ ಹಿಡಿದಿದ್ದ ಸಂಗತಿ ಆ ದಿನ ಎಲ್ಲರ ಕಿವಿಗೂ ಬಿತ್ತು. ಆ ಗುನ್ಹೆ ಬೇರೆ ಠಾಣೆಯ ಲೆಕ್ಕಕ್ಕೆ ಹೋಗಿದ್ದರಿಂದ ಅಲ್ಲಿಯವರೆಗೆ ಅದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಂತೆ ಪೊಲೀಸ್ ಲೈನಿನಲ್ಲಿ ಒಂದೇ ಮಾತು: ಸಾಹೇಬರೇ ಹೆಂಗಸಾದರೆ ಅರಿಶಿನ-ಕುಂಕುಮಕ್ಕೆ ಕರೆಯುವವರು ಯಾರು? ಡಿವೈಎಸ್ಪಿ ದೇಶಮಾನೆಯವರ ಹೆಂಡತಿ, ಲೈನಿನವರಿಗೆಲ್ಲ ಅತ್ತಿಗೆಯಂತಿದ್ದ ಸುಲಭಾ ವೈನಿ, ಈ ಸಮಾರಂಭದ ಸೂತ್ರ ಹಿಡಿದವರು. ಎಸ್ಪಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಎಳ್ಳುಂಡೆಯ ಪಾಕ ಮಾತ್ರ ವೈನಿಯವರದೇ. ಅವರು ಕಡೆಗೆ ಬಂಗಲೆಗೇ ಹೋಗಿ ಕೇಳಿದರು. ಎಸ್ಪಿ ಮೇಡಂ ದೌರೆಯ ಮೇಲೆ ಹಳ್ಳಿಗಳಿಗೆ ಹೋಗಿದ್ದರು. ಹಿತ್ತಲಲ್ಲಿ ಅವರ ಗಂಡ, ದನದ ಡಾಕ್ಟರು ಶ್ರೀಪಾದ ಇಂಗಳೆ, ಯಾರದೋ ಎಮ್ಮೆಯ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದರು. ಎಮ್ಮೆಯನ್ನು ಬಿಡದೆಯೇ ಅವರು ಒಂದೊಂದಾಗಿ ಪ್ರಶ್ನೆ ಕೇಳಿದರಂತೆ.

“ಪ್ರತಿ ವರ್ಷ ಯಾರು ಕರೀತಾರ, ವೈನಿ?”

“ಸಾಹೇಬರ ಹೆಂಡತಿ.”

“ಈ ಸಲ ಸಾಹೇಬರಿಗೆ ಹೆಂಡತಿ ಇಲ್ಲ, ಗಂಡ ಇದ್ದಾನ. ಅಂದ್ರ ನಾನ ಕರೀಬೇಕು. ಯಾರನ್ನ ಕರೀತಾರ?”

“ಅಧಿಕಾರಿಗಳ ಹೆಂಡಂದಿರನ್ನ.”

“ಹೆಂಗಸ ಅಧಿಕಾರಿಗಳೂ ಇದ್ದಾರಲ್ಲ. ಅವರ ಗಂಡಂದಿರನ್ನೂ ಕರೀರಿ. ಗೇಟಿಗೆ ಯಾರು ನಿಲ್ತಾರ?”

“ಅವರ ನಿಲ್ತಾರ, ಹೆಂಗಸ ಅಧಿಕಾರಿಗಳು.”

“ಗಂಡ ಒಳಗ ಉಂಡಿ ತಿನ್ನೂದು, ಹೆಂಡತಿ ಹೊರಗ ಬಿಸಿಲಿಗೆ ನಿಲ್ಲೂದು ಚಂದ ಕಾಣೂದಿಲ್ಲ. ಅವರೂ ಒಳಗ ಬರಲಿ. ಗೇಟಿಗೆ ಮೀಸಿ ಇದ್ದವರನ್ನ ನಿಲ್ಲಸ್ರಿ.”

ಸುಲಭಾ ವೈನಿ ಇದನ್ನು ಸಂಜೆಯೊಳಗೆ ಇಡೀ ಲೈನಿಗೆ ಹೇಳಿ ಮುಗಿಸಿದ್ದರು. ಹೇಳುವಾಗ ಪ್ರತಿ ಸಲವೂ ಎಮ್ಮೆಯ ಬಾಯಿ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತ ಹೋಯಿತು.

ಮಂದಾಕಿನಿಯ ಹೆದರಿಕೆಗೆ ಕಾರಣ ಬೇರೆಯೇ ಇತ್ತು.

ಹದಿನೈದು ದಿನಗಳ ಕೆಳಗೆ ಎಸ್ಪಿ ಮೇಡಂ ಅವಳನ್ನು ಕರೆದು, ಇನ್‌ಸ್ಪೆಕ್ಟರ್ ಹುದ್ದೆಗೆ ಬಡ್ತಿ ಬಂದಿದೆ ಎಂದು ಹೇಳಿದ್ದರು. ಜಾಗ ನಂದುರಬಾರದ ಕಡೆ, ರಾಜ್ಯದ ಇನ್ನೊಂದು ತುದಿಯಲ್ಲಿ. ಬಡ್ತಿ ಅವಳಿಗೆ ಹೊಸದಲ್ಲ. ಮೊದಲ ಸಲ ಬಂದಾಗ ಅತ್ತೆ ಹಾಸಿಗೆ ಹಿಡಿದಿದ್ದರು. ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ ಬೇಡವೆಂದಿದ್ದರು. ಎರಡನೇ ಸಲ ಬಂದಾಗ ಅತ್ತೆ ತೀರಿಕೊಂಡು ಒಂದು ವರ್ಷವಾಗಿತ್ತು. ಆಗ ಅವಳು ಬಬನನಿಗೆ ಹೇಳಲೇ ಇಲ್ಲ. ಒಬ್ಬಳೇ ಯೋಚಿಸಿ ಒಬ್ಬಳೇ ಬೇಡವೆಂದು ಬರೆದುಕೊಟ್ಟು ಬಂದು, ರಾತ್ರಿ ಎಂದಿನ ಹಾಗೆ ಪಿಠಲೆ-ಭಾಕರಿಯ ಅಡುಗೆ ಮಾಡಿದ್ದಳು. ಮೂರನೇ ಸಲವೂ ಬೇಡವೆಂದರೆ ಇನ್ನು ಯಾರೂ ಕೇಳುವುದಿಲ್ಲ, ಇದೇ ಹುದ್ದೆಯಲ್ಲಿ ನಿವೃತ್ತಿಯಾಗಬೇಕು ಎಂಬುದು ಅವಳಿಗೆ ಗೊತ್ತಿತ್ತು.

“ಅಲ್ಲಿ ನಿಮಗ ಠಾಣೆ ಕೊಡ್ತಾರ,” ಎಂದಿದ್ದರು ರೇವತಿ ಮೇಡಂ. “ಮಹಿಳಾ ಕಕ್ಷ ಅಲ್ಲ, ಠಾಣೆ. ಠಾಣೆ ನಡಸದವರನ್ನ ಮುಂದ ಮ್ಯಾಲಿನ ಕುರ್ಚಿಗೆ ಯಾರೂ ನೆನಸೂದಿಲ್ಲ. ನಾ ಮುಂಬಯಿಗೆ ಮೀಟಿಂಗಿಗೆ ಹೋದಾಗ ಮೇಜಿನ ಸುತ್ತ ನೋಡ್ತೀನಿ, ಮಂದಾಕಿನಿ. ಇನ್ನೊಬ್ಬ ಹೆಂಗಸು ಸಿಗ್ತಾಳೇನಂತ. ಸಿಗೂದಿಲ್ಲ. ಯಾಕಂದ್ರ ಅಕಿ ಹತ್ತ ವರ್ಷದ ಹಿಂದ ನಿಮ್ಮ ಜಾಗಾದಾಗ ಕೂತು, ಬ್ಯಾಡ ಅಂತ ಬರಕೊಟ್ಟಿರ್ತಾಳ.”

ಸಂಕ್ರಾಂತಿ ಮುಗಿಯುವವರೆಗೆ ಸಮಯ ಕೊಟ್ಟಿದ್ದರು. ಮಂದಾಕಿನಿ ಈ ಸಲವೂ ಮನೆಯಲ್ಲಿ ಹೇಳಿರಲಿಲ್ಲ. ಬಬನ ಸಿಟ್ಟಿನ ಮನುಷ್ಯನಲ್ಲ, ಅದೇ ಕಷ್ಟ. ಬೇಡ ಎಂದರೆ ಆ ಮಾತು ಜೀವಮಾನವಿಡೀ ಇಬ್ಬರ ನಡುವೆ ಉಳಿಯುತ್ತದೆ. ಹೂಂ ಎಂದು ಮನಸ್ಸಿಲ್ಲದೆ ಬಂದರೆ ಅದು ಇನ್ನೂ ಭಾರ. ಕೇಳದೇ ಇದ್ದರೆ ಎರಡೂ ಇಲ್ಲ. ಈಗ ಅವನು ಬಂಗಲೆಗೆ ಹೋದರೆ, ಅಲ್ಲಿ ಯಾರಾದರೊಬ್ಬರು ಬಾಯಿಬಿಡದೆ ಇರುತ್ತಾರೆಯೇ?

ಸಮಾರಂಭದ ದಿನ ಗೇಟಿನಲ್ಲಿ ಮೀಸೆಯ ಇಬ್ಬರು ಹವಾಲ್ದಾರರು ನಿಂತಿದ್ದರು. ಸಮವಸ್ತ್ರವಿಲ್ಲದೆ, ಕಪ್ಪು ಸೀರೆಯಲ್ಲಿ ಬಂದ ಮಂದಾಕಿನಿಗೆ ಅವರು ಸೆಲ್ಯೂಟ್ ಹೊಡೆದಾಗ ಅವಳ ಕೈ ತಾನಾಗಿ ಹಣೆಗೆ ಹೋಗಿ, ಮುಡಿದ ಹೂವಿಗೆ ತಾಗಿತು. ಬಬನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ, ಹೊಸ ಕೊಲ್ಹಾಪುರಿ ಮೆಟ್ಟಿ, ಓವಿಯ ಕೈ ಹಿಡಿದು ಮುಂದೆ ಮುಂದೆ ನಡೆದ.

ಅಂಗಳದಲ್ಲಿ ಜಮಖಾನೆ ಹಾಸಿತ್ತು. ಹೆಂಗಸರೆಲ್ಲ ಕಪ್ಪು ಸೀರೆಯಲ್ಲಿ ಒಂದು ಕಡೆ. ಇನ್ನೊಂದು ಕಡೆ ಬೇವಿನ ಮರದ ಕೆಳಗೆ ಒಂದು ಬೆಂಚು. ಅದರ ಮೇಲೆ ಮೂವರು ಗಂಡಂದಿರು ಹೆಣ್ಣು ನೋಡಲು ಬಂದವರ ಹಾಗೆ ಮೊಣಕಾಲು ಜೋಡಿಸಿ ಕೂತಿದ್ದರು. ಬಬನನ ಜೊತೆಗಿದ್ದವರಲ್ಲಿ ಒಬ್ಬ ಸಹಕಾರಿ ಬ್ಯಾಂಕಿನ ಕ್ಯಾಶಿಯರ್, ಇನ್ನೊಬ್ಬ ದ್ರಾಕ್ಷಿ ತೋಟದವ. ಕಪ್ಪು ಕುರ್ತಾ ತೊಟ್ಟ ಡಾಕ್ಟರು ತಾವೇ ಮಸಾಲೆ ಹಾಲಿನ ಲೋಟ ಹಿಡಿದು ಓಡಾಡುತ್ತಿದ್ದರು. ಎಸ್ಪಿ ಮೇಡಂ ಯಾವುದೋ ರಾಸ್ತಾ ರೋಕೋ ಬಿಡಿಸಲು ಹೋದವರು ಇನ್ನೂ ಬಂದಿರಲಿಲ್ಲ.

ಅರಿಶಿನ-ಕುಂಕುಮದ ಬಟ್ಟಲು ಹಿಡಿದು ಸುಲಭಾ ವೈನಿ ಹೆಂಗಸರ ಸಾಲು ಮುಗಿಸಿ ಬೆಂಚಿನ ಮುಂದೆ ಬಂದು ನಿಂತರು. ಗಂಡಸರಿಗೆ ಅರಿಶಿನ-ಕುಂಕುಮ ಹಚ್ಚುವುದು ಹೇಗೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ವೈನಿ ಮೂವರ ಮುಖವನ್ನೂ ಒಂದು ಸುತ್ತು ನೋಡಿದರು.

“ನಿಮಗ ಲಗ್ನದಾಗ ಹಚ್ಚಿದ ಅರಿಶಿನನ ಸಾಕು,” ಎಂದು ಹೇಳಿ, ದೇವರ ಮನೆಯಿಂದ ಗಂಧ ತರಿಸಿ ಮೂವರ ಹಣೆಗೂ ಉದ್ದಕ್ಕೆ ಎಳೆದರು. ಮುಂಗೈಗೆ ಅತ್ತರು ಸವರಿ, ಗುಲಾಬಿನೀರು ಚಿಮುಕಿಸಿದರು. ದ್ರಾಕ್ಷಿ ತೋಟದವನ ಕಣ್ಣಿಗೇ ಬಿತ್ತು. ಆಮೇಲೆ ನಗೆ ಶುರುವಾದದ್ದು ನಿಲ್ಲಲಿಲ್ಲ. ಬೆಲ್ಲದ ಹೂರಣದ ಗುಳದ ಪೋಳಿ ಬಂತು, ಮೇಲೆ ತುಪ್ಪ ಬಂತು. ಬಬನ ನಾಲ್ಕನೆಯ ಪೋಳಿಗೆ ಕೈ ಹಾಕಿದಾಗ, ಅರಿಶಿನ-ಕುಂಕುಮ ಇಷ್ಟು ರುಚಿಯಾಗಿರುತ್ತದೆಂದು ಇಷ್ಟು ವರ್ಷ ಗಂಡಸರಿಂದ ಮುಚ್ಚಿಟ್ಟದ್ದು ದೊಡ್ಡ ಅನ್ಯಾಯ ಎಂದು ಕ್ಯಾಶಿಯರನಿಗೆ ಹೇಳುತ್ತಿದ್ದುದು ಮಂದಾಕಿನಿಗೆ ಕೇಳಿತು. ಅವಳು ನಗುವವರ ನಡುವೆ ಕೂತು, ಬೆಂಚಿನ ಹತ್ತಿರ ಯಾರು ಹೋಗುತ್ತಾರೆ, ಯಾರು ಬರುತ್ತಾರೆ ಎಂದು ಕಾಯುತ್ತಿದ್ದಳು.

ವಾಣದ ಬುಟ್ಟಿ ಹೊರಬಂತು. ಮೇಲಿನ ಬಟ್ಟೆ ತೆಗೆದು ನೋಡಿದರೆ ಒಳಗೆ ಹಗ್ಗ. ಎರಡೆಳೆಯ ಗಟ್ಟಿ ನೂಲಿನ ಹಗ್ಗ, ತುದಿಗೆ ಕೆಂಪು ಗೊಂಡೆ; ದನದ ಸಂತೆಯಲ್ಲಿ ಎತ್ತಿನ ಕೊರಳಿಗೆ ಮಾರುವಂಥದು. ಸುಲಭಾ ವೈನಿ ಒಂದು ಸುರುಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಡಾಕ್ಟರ, ನಾವು ನಿಮಗ ಹ್ಯಾಂಗ ಕಾಣಸ್ತೀವಿ?”

ಡಾಕ್ಟರು ಗಾಬರಿಯಾಗಲಿಲ್ಲ. ತಾವು ಇಂಗಳೆ ಮೇಡಂ ಹಿಂದೆ ಊರೂರು ತಿರುಗಿದವರು; ಪ್ರತಿ ಬದಲಿಯಲ್ಲೂ ಟ್ರಂಕು ಕಟ್ಟಲು ಹೊರಟಾಗ ಮನೆಯಲ್ಲಿ ಎಲ್ಲವೂ ಸಿಗುತ್ತದೆ, ಹಗ್ಗವೊಂದು ಸಿಗುವುದಿಲ್ಲ ಎಂದರು. ಪೊಲೀಸರ ಮನೆಯಲ್ಲಿ ಇದಕ್ಕಿಂತ ಉಪಯೋಗದ ವಾಣ ಯಾವುದಿದೆ ಎಂದು ಕೇಳಿದರು. ವೈನಿ ಹಗ್ಗವನ್ನು ಎಳೆದು ನೋಡಿದರು. ಇನ್ನೊಮ್ಮೆ ಎಳೆದರು. ಕಳೆದ ಬದಲಿಯಲ್ಲಿ ತಮ್ಮ ಹಾಸಿಗೆಯ ಗಂಟು ಕರಾಡದ ಹತ್ತಿರ ಲಾರಿಯಿಂದ ಬಿಚ್ಚಿಹೋದದ್ದು ಅವರಿಗೆ ನೆನಪಾಗಿರಬೇಕು. ಅದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ತೆಗೆದುಕೊಂಡರು.

ಬೆಂಚಿನ ಸರದಿ ಬಂದಾಗ ಡಾಕ್ಟರು ಬಬನನ ಕೈಗೆ ಎರಡು ಸುರುಳಿ ಇಟ್ಟರು.

“ನಿಮಗ ಒಂದು ಸಾಲೂದಿಲ್ಲ, ಬಬನರಾವ್. ನಂದುರಬಾರ ಭಾಳ ದೂರ.”

ಮಂದಾಕಿನಿ ಹಾಲಿನ ಲೋಟ ಹಿಡಿದು ಎದ್ದು ನಿಂತಿದ್ದಳು. ಬಬನ ಹಗ್ಗವನ್ನು ನೋಡಿದ, ಡಾಕ್ಟರನ್ನು ನೋಡಿದ, ಆಮೇಲೆ ಜಮಖಾನೆಯಾಚೆ ಹೆಂಡತಿಯನ್ನು ನೋಡಿದ. ಮಂದಾಕಿನಿಯ ಮುಖ ಕಂಡದ್ದೇ ತಡ, ಡಾಕ್ಟರು ತಾವು ಎಡವಿದ್ದನ್ನು ತಿಳಿದು ಬುಟ್ಟಿಯಲ್ಲಿ ಕೈಯಾಡಿಸತೊಡಗಿದರು. ಓವಿ ಅಂಗಳದಲ್ಲಿ ಕಬ್ಬಿನ ತುಂಡು ಸಿಗಿಯುತ್ತಿದ್ದಳು.

“ಹೌದ್ರಿ, ದೂರ ಐತಿ,” ಎಂದ ಬಬನ, ಸುರುಳಿಗಳನ್ನು ತೊಡೆಯ ಮೇಲಿಟ್ಟುಕೊಂಡು. “ಆದ್ರ ಅಲ್ಲಿ ಡಿಪೋದಾಗ ಚಹಾ ಚಲೋ ಇರ್ತದ ಅಂತಾರ.”

ಮಂದಾಕಿನಿ ಹಾಲಿನ ಲೋಟವನ್ನು ಜಮಖಾನೆಯ ಮೇಲೆ ಇಟ್ಟಳು.

ಸುಲಭಾ ವೈನಿಗೆ ಅಷ್ಟು ಸಾಕಾಯಿತು. ಬಡ್ತಿಯೇ, ನಂದುರಬಾರವೇ, ಯಾವಾಗ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೆಂಚಿನ ಮುಂದೆಯೇ ಕೂತುಬಿಟ್ಟರು. ಮಗಳ ಶಾಲೆಯ ದಾಖಲೆಯನ್ನು ಪರೀಕ್ಷೆ ಮುಗಿದ ಮರುದಿನವೇ ಕೇಳಬೇಕು, ತಡಮಾಡಿದರೆ ಗುಮಾಸ್ತರು ರಜೆಗೆ ಹೋಗುತ್ತಾರೆ. ಕ್ವಾರ್ಟರ್ಸ್ ತೆಗೆದುಕೊಳ್ಳುವ ಮೊದಲು ಕಕ್ಕಸಿನ ನಳ ತಿರುಗಿಸಿ ನೋಡಬೇಕು, ಗೋಡೆಯ ಬಣ್ಣಕ್ಕೆ ಮರುಳಾಗಬಾರದು. ಉಪ್ಪಿನಕಾಯಿಯ ಭರಣಿ ಲಾರಿಯಲ್ಲಲ್ಲ, ತೊಡೆಯ ಮೇಲೆ ಹೋಗಬೇಕು. ಹೋದ ಮೊದಲ ದಿನ ಬಲಗಡೆಯ ಮನೆಯವರ ಹತ್ತಿರ ಹೆಪ್ಪು ಕೇಳಬೇಕು, ಮೊಸರೂ ಆಗುತ್ತದೆ, ಪರಿಚಯವೂ ಆಗುತ್ತದೆ. ಗಂಡನ ಹಿಂದೆ ಇಷ್ಟು ಊರು ತಿರುಗಿದ ಆಕೆಯನ್ನು ಈ ವಿದ್ಯೆಯ ಬಗ್ಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬಬನ ತಲೆದೂಗುತ್ತ ಕೇಳುತ್ತಿದ್ದ. ಕ್ಯಾಶಿಯರ್ ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡ. ಅವನ ಹೆಂಡತಿ ದೂರದಿಂದ ಅವನನ್ನೇ ನೋಡುತ್ತಿದ್ದಳು.

ಬಬನ ಬೆಂಚಿನಿಂದ ಎದ್ದು ತಮ್ಮ ಸ್ಕೂಟರ್ ನಿಲ್ಲಿಸಿದ ಕಡೆಗೆ ಹೋದಾಗ ಮಂದಾಕಿನಿ ಹಿಂದೆಯೇ ಹೋದಳು. ಅವನು ಹಗ್ಗವನ್ನು ಸೀಟಿನ ಕೆಳಗೆ ಇಡುತ್ತಿದ್ದ. ಈ ಬಡ್ತಿ ಬಂದು ಎಷ್ಟು ದಿನವಾಯಿತು ಎಂದು ಕೇಳಿದ. ಅವಳು ಹೇಳಿದಳು. ಅಷ್ಟಕ್ಕೇ ಬಿಡಲಾಗದೆ, ಎರಡನೇ ಸಲ ಅವನನ್ನು ಕೇಳದೆ ಬೇಡವೆಂದು ಬರೆದುಕೊಟ್ಟದ್ದನ್ನೂ ಹೇಳಿದಳು. ಬಬನ ಸೀಟು ಮುಚ್ಚುವುದನ್ನು ಬಿಟ್ಟು ತಿರುಗಿದ. ಮುಖದ ನಗು ಹೋಗಿತ್ತು.

“ಬ್ಯಾಡ ಅಂತ ನಾ ಯಾವಾಗ ಅಂದೆ, ಮಂದಾ?”

“ಅಂತೀರಿ ಅಂತ ಅಂಜಿ ಕೇಳಲಿಲ್ರಿ.”

“ಅಂದ್ರ ವಿಚಾರಣಿ ಇಲ್ಲ, ಸಾಕ್ಷಿ ಇಲ್ಲ, ಸೀದಾ ಶಿಕ್ಷಾ.” ಅವನು ಹಣೆಯ ಗಂಧವನ್ನು ಒರೆಸಲು ಹೋಗಿ ಕೈ ತಡೆದ. “ಕಳ್ಳರಿಗೆ ಸೈತ ಒಂದು ಮಾತು ಕೇಳ್ತೀ.”

ಮಂದಾಕಿನಿಗೆ ಅಳು ಬಂತು. ಅದು ಬರುವ ದಾರಿಯಲ್ಲೇ ನಗೆಯಾಯಿತು. ತಪ್ಪಾಯಿತು ಎಂದಳು. ಅವನ ಕೆಲಸದ ಕಥೆ ಏನು, ಅಷ್ಟು ದೂರ ಬದಲಿ ಸಿಗುತ್ತದೆಯೇ ಎಂದು ಕೇಳಿದಳು. ಕೇಳುವುದು ನನಗೆ ಬಿಡು ಎಂದ ಬಬನ. ಬದಲಿ ಸಿಗುವವರೆಗೆ ಓವಿಯನ್ನು ಇಲ್ಲೇ ಇಟ್ಟುಕೊಂಡು ಅವಳ ಜಡೆ ತಾನೇ ಹಾಕುತ್ತಾನೆ, ಹೇಗೂ ಈಗಲೂ ಹಾಕುವವನು ತಾನೇ. ಅಷ್ಟು ದೊಡ್ಡ ಬಸ್ಸು ಘಾಟಿನಲ್ಲಿ ತಿರುಗಿಸುವವನಿಗೆ ಒಂದು ಸಂಸಾರ ತಿರುಗಿಸಲು ಬಾರದೇ?

“ನೀ ಒಂದ ಹೇಳು,” ಎಂದ. “ನಿನಗ ಬೇಕೇನು?”

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವಳು ತನಗೂ ಕೇಳಿಕೊಂಡಿರಲಿಲ್ಲ. ಬೇಲಿಯಾಚೆ ರಸ್ತೆ ನೋಡಿದಳು. ಪ್ರತಿ ವರ್ಷ ತಾನು ಬೂಟುಗಾಲು ಬದಲಿಸುತ್ತ ನಿಲ್ಲುತ್ತಿದ್ದ ಜಾಗದಲ್ಲಿ ಹವಾಲ್ದಾರನೊಬ್ಬ ಎಳ್ಳುಂಡೆ ಜಗಿಯುತ್ತಿದ್ದ.

“ಬೇಕ್ರಿ,” ಎಂದಳು. “ಭಾಳ ಬೇಕು.”

ರೇವತಿ ಮೇಡಂ ಬಂದಾಗ ಹೊತ್ತು ಇಳಿದಿತ್ತು. ಸಮವಸ್ತ್ರದ ಮೇಲೆಲ್ಲ ಧೂಳು. ಟೋಪಿ ತೆಗೆದು ಜಮಖಾನೆಯ ಮೇಲೆ ಎಲ್ಲರ ನಡುವೆ ಕೂತು, ಪೋಳಿ ಉಳಿದಿದೆಯೇ ಎಂದು ಮೊದಲು ಕೇಳಿದರು. ಸುಲಭಾ ವೈನಿ ಬಟ್ಟಲು ಹಿಡಿದು ಬಂದು, ಬೆಲ್ಟು ಕಟ್ಟಿ ಕೂತ ಸಾಹೇಬರಿಗೆ ಅರಿಶಿನ ಹಚ್ಚಬೇಕೋ ಸೆಲ್ಯೂಟ್ ಹೊಡೆಯಬೇಕೋ ಎಂದು ಅರೆಗಳಿಗೆ ನಿಂತರು. ಮೇಡಂ ಕೆನ್ನೆ ಮುಂದೆ ಮಾಡಿದರು. ವೈನಿ ತಮ್ಮ ಜೀವಮಾನದಲ್ಲಿ ಯಾವ ಎಸ್ಪಿಯ ಕೆನ್ನೆಯನ್ನೂ ಮುಟ್ಟಿದವರಲ್ಲ. ಆ ದಿನ ಎರಡೂ ಕೆನ್ನೆಗೆ ಧಾರಾಳವಾಗಿ ಹಚ್ಚಿದರು.

ಮಂದಾಕಿನಿ ಎದುರು ಹೋಗಿ ನಿಂತಳು. ಸೀರೆಯಲ್ಲಿದ್ದರೂ ಹಿಮ್ಮಡಿ ಕೂಡಿಸಿ ನಿಂತಳು.

“ಹೋಗ್ತೀನಿ, ಮೇಡಂ.”

ರೇವತಿ ಮೇಡಂ ಬಾಯಲ್ಲಿದ್ದ ಪೋಳಿ ನುಂಗಿದರು. ಆಮೇಲೆ ಅರಿಶಿನದ ಮುಖ ಎತ್ತಿ, “ಕುರ್ಚಿ ಹಿಡಿದಿಡ್ತೀನಿ. ಲಗೂನ ಬರ್ರಿ,” ಎಂದರು.

ಬಬನನ ಬದಲಿಯೂ ಸಿಕ್ಕು, ಮಗಳ ಪರೀಕ್ಷೆ ಮುಗಿದ ವಾರ ಅವರು ಮನೆ ಖಾಲಿ ಮಾಡಿದರು. ಸಾಮಾನು ಕಟ್ಟಲು ಸುಲಭಾ ವೈನಿ ಬಂದರು, ಕ್ಯಾಶಿಯರ್ ಬಂದ, ದ್ರಾಕ್ಷಿ ತೋಟದವ ಒಂದು ಪೆಟ್ಟಿಗೆ ದ್ರಾಕ್ಷಿ ತಂದ. ದೊಡ್ಡ ಟ್ರಂಕಿನ ಮುಚ್ಚಳ ಕೂರುತ್ತಿರಲಿಲ್ಲ. ಓವಿ ಅದರ ಮೇಲೆ ಕೂತಳು. ಡಾಕ್ಟರು ಮೊಣಕಾಲೂರಿ ಕೆಂಪು ಗೊಂಡೆಯ ಹಗ್ಗದಿಂದ ಒಂದು ಗಂಟು ಹಾಕಿದರು. ಎಂಥ ಹೋರಿಯೂ ಬಿಡಿಸಿಕೊಳ್ಳಲಾರದ ಗಂಟು ಇದು ಎಂದು ಬಬನನಿಗೆ ಎರಡು ಸಲ ತೋರಿಸಿದರು. ಬಬನ ಕಲಿತೆನೆಂದ.

ನಂದುರಬಾರದ ಕಡೆಯ ಆ ಕ್ವಾರ್ಟರ್ಸಿನಲ್ಲಿ ಮಂದಾಕಿನಿ ಮೊದಲು ಹಿಂಬಾಗಿಲು ನೋಡಿದಳು, ಆಮೇಲೆ ಕಕ್ಕಸಿನ ನಳ ತಿರುಗಿಸಿದಳು. ನೀರು ಬಂತು. ಮರುದಿನ ಬೆಳಿಗ್ಗೆ ಠಾಣೆಯ ಅಧಿಕಾರ ವಹಿಸಿಕೊಳ್ಳಬೇಕು, ಸಮವಸ್ತ್ರ ಟ್ರಂಕಿನಲ್ಲಿ. ಬಬನ ಗಂಟಿನ ಮುಂದೆ ಕೂತ. ಒಂದು ಎಳೆ ಎಳೆದ, ಅದು ಬಿಗಿಯಾಯಿತು. ಇನ್ನೊಂದು ಎಳೆದ, ಇನ್ನೂ ಬಿಗಿಯಾಯಿತು. ಓವಿ ಹಲ್ಲು ಹಾಕಿ ನೋಡಿದಳು. ವಾಣದ ಹಗ್ಗಕ್ಕೆ ಕತ್ತರಿ ಹಾಕಲು ಮಂದಾಕಿನಿ ಒಪ್ಪಲಿಲ್ಲ. ಬಂಗಲೆಗೆ ಫೋನು ಮಾಡಿದರೆ, ಡಾಕ್ಟರು ಹಸುವಿನ ಹೆರಿಗೆಗೆಂದು ಯಾವುದೋ ಹಳ್ಳಿಯ ಕೊಟ್ಟಿಗೆಗೆ ಹೋಗಿದ್ದಾರೆ, ಅಲ್ಲಿ ಸಂಪರ್ಕ ಸಿಗುವುದಿಲ್ಲ ಎಂದರು.

ಅಷ್ಟರಲ್ಲಿ ಠಾಣೆಯಿಂದ ಹವಾಲ್ದಾರನೊಬ್ಬ ಬಂದು ಬಾಗಿಲಲ್ಲಿ ಸೆಲ್ಯೂಟ್ ಹೊಡೆದು, ಹೊಸ ಸಾಹೇಬರಿಂದ ಏನಾದರೂ ಹುಕುಂ ಇದೆಯೇ ಎಂದು ಕೇಳಿದ.

ಗಂಡ ಮಗಳು ಇಬ್ಬರೂ ಮಂದಾಕಿನಿಯ ಮುಖ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು, ನಗು ತಡೆದು, ಠಾಣೆಯ ಇನ್‌ಸ್ಪೆಕ್ಟರಾಗಿ ತನ್ನ ಮೊದಲ ಹುಕುಂ ಕೊಟ್ಟಳು.

“ಈ ಊರಾಗ ದನದ ಡಾಕ್ಟರು ಯಾರಿದ್ದಾರ, ಕರಕೊಂಡು ಬರ್ರಿ.”